ರೇಡಿಯೇಟರಿನ ಸಿಹಿನೀರು

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಸುಮನಹಳ್ಳಿಯ ಕಡೆಗೆ ಹೊರಟರೆ ಅಕ್ಕಪಕ್ಕದ ಬೀದಿಗಳ ತುಂಬ ಲೇತು, ವೆಲ್ಡಿಂಗು, ಪೇಂಟಿಂಗಿನ ಸಣ್ಣ ಸಣ್ಣ ಶೆಡ್ಡುಗಳು. ನಡುನಡುವೆ ಕಾರು, ಆಟೊ ರಿಪೇರಿಯ ಗ್ಯಾರೇಜುಗಳು. ಅಂಥ ಯಾವ ಗ್ಯಾರೇಜಿನಲ್ಲಿ ಕಣ್ಣು ಹಾಯಿಸಿದರೂ ಎಂಜಿನ್ ಆಯಿಲ್ ಡಬ್ಬಿಗಳ ಪಕ್ಕದಲ್ಲಿ ಗಿಣಿಹಸಿರು ಅಥವಾ ಗುಲಾಬಿ ಬಣ್ಣದ ದ್ರವ ತುಂಬಿದ ಕ್ಯಾನು ಕಾಣುತ್ತದೆ. ಮೆಕ್ಯಾನಿಕ್ ಅದನ್ನು ಕೂಲೆಂಟ್ ಎನ್ನುತ್ತಾನೆ. ಬಣ್ಣ ತಯಾರಕರು ಸೇರಿಸಿದ್ದು. ಬಣ್ಣವನ್ನೂ ತುಕ್ಕು ತಡೆಯುವ ಒಂದೆರಡು ಲವಣಗಳನ್ನೂ ಕಳೆದರೆ ಉಳಿಯುವುದು ನೀರು ಮತ್ತು ಇಥಿಲೀನ್ ಗ್ಲೈಕಾಲ್. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿಗಿಂತ ಸ್ವಲ್ಪ ಮಂದ, ನಾಲಿಗೆಗೆ ಸಿಹಿ. ಈ ಸಿಹಿಯೇ ಅದರ ಕಥೆಯ ಕೆಟ್ಟ ಭಾಗ. ಅದಕ್ಕೆ ಆಮೇಲೆ ಬರೋಣ.

ಕೂಲೆಂಟನ್ನು ಪಶ್ಚಿಮದ ದೇಶಗಳಲ್ಲಿ ಕರೆಯುವುದು ಬೇರೆ ಹೆಸರಿನಿಂದ: ಹೆಪ್ಪುಗಟ್ಟದಂತೆ ತಡೆಯುವ ದ್ರವ ಎಂಬರ್ಥದಲ್ಲಿ 'ಆ್ಯಂಟಿಫ್ರೀಜ್'. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ನೂರಕ್ಕೆ ಒಂಬತ್ತು ಪಾಲು. ಚಳಿಗಾಲದ ರಾತ್ರಿ ಬೀದಿಯಲ್ಲಿ ನಿಂತ ಕಾರಿನೊಳಗೆ ಬರೀ ನೀರಿದ್ದರೆ ಬೆಳಗ್ಗೆ ಹೊತ್ತಿಗೆ ಎಂಜಿನ್ನಿನ ಎರಕದ ಕಬ್ಬಿಣವೇ ಬಿರುಕು ಬಿಡಬಹುದು. ನೀರಿಗೆ ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿಳಿಯುವವರೆಗೆ ಅದು ಗಟ್ಟಿಯಾಗುವುದಿಲ್ಲ. ಇಲ್ಲೊಂದು ವಿಚಿತ್ರವಿದೆ. ಶುದ್ಧ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಶುದ್ಧ ನೀರು ಸೊನ್ನೆಗೆ. ಇಬ್ಬರೂ ಸೇರಿದಾಗ ಮಾತ್ರ ಇಬ್ಬರಿಗೂ ಇಲ್ಲದ ಶಕ್ತಿ ಬರುತ್ತದೆ. ನೀರಿನ ಕಣಗಳು ಸಾಲುಗಟ್ಟಿ ಮಂಜುಗಡ್ಡೆಯಾಗಲು ಹೊರಟಾಗ ಗ್ಲೈಕಾಲಿನ ಕಣಗಳು ನಡುವೆ ನುಗ್ಗಿ ಸಾಲು ಕೆಡಿಸುತ್ತವೆ. ನೀರಿನ ಕಣಗಳೂ ಗ್ಲೈಕಾಲಿಗೆ ಅದೇ ಉಪಕಾರ ಮಾಡುತ್ತವೆ. ಟೊರೊಂಟೊದಲ್ಲೋ ಷಿಕಾಗೋದಲ್ಲೋ ಇರುವ ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಂದಿರು ವಿಮಾನ ಹೊರಡುವ ಮುನ್ನ ಅದರ ರೆಕ್ಕೆಗಳಿಗೆ ಕೊಳವೆಯಿಂದ ಬಿಸಿ ದ್ರವ ಸುರಿಯುವುದನ್ನು ಕಂಡಿರಬಹುದು. ಅದೂ ಇದೇ ಗ್ಲೈಕಾಲ್ ಕುಟುಂಬದ್ದು.

ಆದರೆ ಬೆಂಗಳೂರಿನಲ್ಲಿ? ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ವಿಜಯನಗರದ ಬೀದಿಯಲ್ಲಿ ನಿಲ್ಲಿಸಿದ ಕಾರು ಯಾವ ಮಾಗಿಯಲ್ಲೂ ಹೆಪ್ಪುಗಟ್ಟಿದ್ದಿಲ್ಲ, ಕಟ್ಟುವುದೂ ಇಲ್ಲ. ಹಾಗಿದ್ದೂ ಇದು ನಮಗೆ ಏಕೆ ಬೇಕು?

ಉತ್ತರ ಕುದಿಯುವುದರಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರು ಡಿಗ್ರಿಯವರೆಗೆ ಕಾಯುವುದಿಲ್ಲ, 97ರ ಆಸುಪಾಸಿಗೇ ಕುದಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಇನ್ನೂ ಬೇಗ. ಎಂಜಿನ್ನು ಸರಿಯಾಗಿ ಕೆಲಸ ಮಾಡುವುದೋ ತೊಂಬತ್ತು ಡಿಗ್ರಿಯ ಸುತ್ತಮುತ್ತ. ನಡುವೆ ಉಳಿಯುವ ಅಂತರ ತೀರಾ ಕಡಿಮೆ. ಐವತ್ತು ದಾಟಿದ ಓದುಗರಿಗೆ ಹಳೆಯ ಬಸ್ ಪ್ರಯಾಣ ನೆನಪಿರಬೇಕು. ಶಿರಾಡಿ, ಚಾರ್ಮಾಡಿ ಘಾಟಿಯ ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತ ನಿಲ್ಲುತ್ತಿತ್ತು, ಮೂತಿಯಿಂದ ಆವಿ ಏಳುತ್ತಿತ್ತು, ಕ್ಲೀನರ್ ಹುಡುಗ ಡಬ್ಬ ಹಿಡಿದು ಹಳ್ಳಕ್ಕಿಳಿಯುತ್ತಿದ್ದ. ಪ್ರಯಾಣಿಕರು ಕೆಳಗಿಳಿದು ಬೀಡಿ ಹಚ್ಚುವಷ್ಟು ಪುರುಸೊತ್ತು ಸಿಗುತ್ತಿತ್ತು. ಆ ದೃಶ್ಯ ಈಗ ಅಪರೂಪವಾಗಿದ್ದರೆ ಅದಕ್ಕೆ ಎರಡು ಕಾರಣ. ಒಂದು, ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ. ಅಡಿಗೆಮನೆಯ ಕುಕ್ಕರಿನ ತತ್ವವೇ ಅದು. ಒತ್ತಡ ಏರಿದಷ್ಟೂ ಕುದಿಯುವ ಬಿಂದು ಮೇಲಕ್ಕೆ ಹೋಗುತ್ತದೆ. ಎಂಜಿನ್ ಬಿಸಿಯಿರುವಾಗ ಆ ಮುಚ್ಚಳ ತಿರುವಬಾರದೆನ್ನುವುದೂ ಅದಕ್ಕೇ. ಇನ್ನೊಂದು ಕಾರಣ ಗ್ಲೈಕಾಲ್. ಅದು ತಾನು ಕುದಿಯುವುದು 197 ಡಿಗ್ರಿಗೆ. ನೀರಿನೊಂದಿಗೆ ಸಮಸಮ ಬೆರೆತಾಗ ಸಮುದ್ರಮಟ್ಟದಲ್ಲಿ ಸುಮಾರು 107ಕ್ಕೆ.

ಹಾಗೆಂದು ಬರೀ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಒಳ್ಳೆಯದಲ್ಲವೆ ಎಂದರೆ, ಅಲ್ಲ. ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರನ್ನು ಮೀರಿಸುವ ದ್ರವ ಹುಡುಕುವುದು ಕಷ್ಟ. ಗ್ಲೈಕಾಲಿನ ಸಾಮರ್ಥ್ಯ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಹೆಸರು ಮಾಡಿದ ಸ್ಪಿಟ್‌ಫೈರ್ ವಿಮಾನದ ಮೆರ್ಲಿನ್ ಎಂಜಿನ್ನಿಗೆ ಮೊದಮೊದಲು ಶುದ್ಧ ಗ್ಲೈಕಾಲನ್ನೇ ಹಾಕುತ್ತಿದ್ದರು. ಆಮೇಲೆ ನೂರಕ್ಕೆ ಮೂವತ್ತು ಗ್ಲೈಕಾಲ್, ಉಳಿದದ್ದು ನೀರು ಎಂಬ ಲೆಕ್ಕಕ್ಕೆ ಬಂದರು. ನಮ್ಮ ಗ್ಯಾರೇಜುಗಳ ಸಮಸ್ಯೆ ಇದರ ಉಲ್ಟಾ. ಕೂಲೆಂಟು ದುಬಾರಿಯೆಂದು ಬೋರ್‌ವೆಲ್ ನೀರನ್ನೇ ತುಂಬುವವರು ಬಹಳ. ಬೋರಿನ ಗಡಸು ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಂಬುದನ್ನು ನೋಡಿದ ಯಾರಿಗಾದರೂ ಅದು ರೇಡಿಯೇಟರಿನ ಸಣ್ಣ ನಾಳಗಳಿಗೆ ಏನು ಮಾಡೀತೆಂದು ಹೇಳಬೇಕಾಗಿಲ್ಲ. ಪೆಟ್ರೋಲು, ಡೀಸೆಲ್ ಹೋಗಿ ವಿದ್ಯುತ್ ಬಸ್ಸು ಬಂದರೆ ಗ್ಲೈಕಾಲಿಗೂ ವಿದಾಯ ಎಂದುಕೊಳ್ಳುವಂತಿಲ್ಲ. ದೊಡ್ಡ ಬ್ಯಾಟರಿಗಳೂ ಕಾಯುತ್ತವೆ. ಅನೇಕ ವಾಹನಗಳಲ್ಲಿ ಅವುಗಳ ಸುತ್ತ ಹರಿದು ತಂಪು ಮಾಡುವುದು ಇದೇ ನೀರು–ಗ್ಲೈಕಾಲ್ ಮಿಶ್ರಣ.

ಈ ದ್ರವವನ್ನು ಮೊದಲು ತಯಾರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವುರ್ಟ್ಸ್, 1856ರಲ್ಲಿ. ಇದರ ಗುಣ ಗ್ಲಿಸರಿನ್ನಿಗೂ ಆಲ್ಕೊಹಾಲಿಗೂ ನಡುವಣದು ಎನಿಸಿ, ಒಂದರ ತಲೆ ಇನ್ನೊಂದರ ಬಾಲ ಜೋಡಿಸಿ ಗ್ಲೈಕಾಲ್ ಎಂದು ಕರೆದ. 'ಗ್ಲಿಸರಿನ್' ಎಂಬ ಮಾತಿನ ಬೇರು ಗ್ರೀಕಿನದು, ಅರ್ಥ ಸಿಹಿ. 'ಗ್ಲೂಕೋಸ್' ಹುಟ್ಟಿದ್ದೂ ಅದೇ ಬೇರಿನಿಂದ. ಮೊದಲ ಮಹಾಯುದ್ಧದವರೆಗೆ ಗ್ಲೈಕಾಲ್ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿದಿತ್ತು. ಯುದ್ಧದಲ್ಲಿ ಸಿಡಿಮದ್ದಿಗೆ ಬೇಕಾದ ಗ್ಲಿಸರಿನ್ ಜರ್ಮನಿಯಲ್ಲಿ ಸಾಕಾಗದೆ ಹೋದಾಗ ಬದಲಿಗೆ ಇದನ್ನು ಬಳಸಿದರು. 1925ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಶುರುವಾಯಿತು.

ತಯಾರಿಸುವ ದಾರಿಯ ಮೊದಲ ಮೆಟ್ಟಿಲು ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕಿದರೆ, ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹುದುಗಿಸಿಟ್ಟರೆ ಹಣ್ಣಾಗುತ್ತದಲ್ಲ, ಅದನ್ನು ಮಾಡಿಸುವ ಅನಿಲವೇ ಇಥಿಲೀನ್. ಹೊಗೆಯಲ್ಲಿ ಅದಿರುತ್ತದೆ, ಹಣ್ಣಾಗುವ ಕಾಯಿ ತಾನೇ ಅದನ್ನು ಸೂಸುತ್ತದೆ. ಕಾರ್ಖಾನೆಯಲ್ಲಿ ಇದನ್ನು ಪೆಟ್ರೋಲಿಯಂನಿಂದ ಒಡೆದು ತೆಗೆಯುತ್ತಾರೆ. ಅದಕ್ಕೆ ಆಮ್ಲಜನಕ ಸೇರಿಸಿದರೆ ಇಥಿಲೀನ್ ಆಕ್ಸೈಡ್ ಎಂಬ, ಸುಲಭವಾಗಿ ಸಿಡಿಯುವ, ಕ್ಯಾನ್ಸರ್ ತರಬಲ್ಲ ಅನಿಲ. ಅದಕ್ಕೆ ನೀರು ಕೂಡಿಸಿದರೆ ಶಾಂತ ಸ್ವಭಾವದ ಗ್ಲೈಕಾಲ್. ಉತ್ತರಾಖಂಡದ ಕಾಶೀಪುರದಲ್ಲಿ ಎಂಬತ್ತರ ದಶಕದ ಕೊನೆಗೆ ಆರಂಭವಾದ ಕಾರ್ಖಾನೆಯೊಂದು ಪೆಟ್ರೋಲಿಯಂ ಬದಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇದೇ ಗ್ಲೈಕಾಲನ್ನು ಮಾಡಿ ತೋರಿಸಿತು. ಮಂಡ್ಯದ ಬೆಲ್ಲಕ್ಕೂ ರೇಡಿಯೇಟರಿನ ಸಿಹಿಗೂ ದೂರದ ನೆಂಟಸ್ತಿಕೆ ಉಂಟೆಂದರೆ ತಪ್ಪಾಗದು.

ಕೂಲೆಂಟಿನ ಕಥೆ ಇಷ್ಟಾದರೂ ಲೋಕದ ಗ್ಲೈಕಾಲಿನ ದೊಡ್ಡ ಪಾಲು ಹೋಗುವುದು ರೇಡಿಯೇಟರಿಗಲ್ಲ, ಬಟ್ಟೆಗೆ ಮತ್ತು ಬಾಟಲಿಗೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಗ್ಲೈಕಾಲನ್ನು ಟೆರಿಥ್ಯಾಲಿಕ್ ಆಮ್ಲದೊಂದಿಗೆ ಬೆಸೆದು ಉದ್ದನೆಯ ಸರಪಳಿ ಮಾಡಿದರು. ಅದನ್ನು ಕರಗಿಸಿ ಸಣ್ಣ ರಂಧ್ರಗಳ ಮೂಲಕ ಎಳೆದರೆ ನೂಲು. ಅದೇ ಟೆರಿಲಿನ್, ಅದೇ ಪಾಲಿಯೆಸ್ಟರ್. ನೂಲಾಗಿ ಎಳೆಯದೆ ಊದಿ ಅಚ್ಚು ಹಾಕಿದರೆ ನೀರಿನ ಬಾಟಲಿ. ಒಂದು ಕಿಲೊ ಪಾಲಿಯೆಸ್ಟರಿಗೆ ಸುಮಾರು ಮೂರನೆಯ ಒಂದು ಕಿಲೊ ಗ್ಲೈಕಾಲ್ ಬೇಕು. ಬೆಸೆದ ಮೇಲೆ ಅದು ಬೇರೆಯೇ ವಸ್ತು. ಷರ್ಟಿನಲ್ಲಾಗಲಿ ಬಾಟಲಿಯಲ್ಲಾಗಲಿ ವಿಷದ ಭಯ ಇಟ್ಟುಕೊಳ್ಳಬೇಕಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗ ಈ ನೂಲಿನ ಆಗಮನವನ್ನು ಹತ್ತಿರದಿಂದ ಕಂಡಿದೆ. ಇದು ಹತ್ತಿಯ ಗಿರಣಿಗಳ ಸೀಮೆ. 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ, ಮಾಗಡಿ ರಸ್ತೆಯ ಗೋಪಾಲಪುರದ ಮಿನರ್ವ ಮಿಲ್, ಮಲ್ಲೇಶ್ವರದ ಅಂಚಿನ ರಾಜಾ ಮಿಲ್. ಸೈರನ್ ಕೂಗಿಗೆ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಬೀದಿಗಳಿವು. ಅರವತ್ತು, ಎಪ್ಪತ್ತರ ದಶಕದಲ್ಲಿ ಟೆರಿಲಿನ್ ಷರ್ಟು, ಟೆರಿಕಾಟ್ ಪ್ಯಾಂಟು ಬಂದವು. ರಾತ್ರಿ ಒಗೆದು ಹಾಕಿದರೆ ಬೆಳಗ್ಗೆ ಒಣಗಿರುತ್ತಿತ್ತು, ಇಸ್ತ್ರಿಯ ಹಂಗಿರಲಿಲ್ಲ, ವರ್ಷಗಟ್ಟಲೆ ಹರಿಯುತ್ತಿರಲಿಲ್ಲ. ಮದುವೆಯಲ್ಲಿ ಅಳಿಯನಿಗೆ ಟೆರಿಕಾಟ್ ಕೊಟ್ಟರೆಂಬುದು ಹೇಳಿಕೊಳ್ಳುವ ಸಂಗತಿಯಾಗಿತ್ತು. ಮೈಗೆ ಸೆಕೆ, ಬೆಂಕಿ ತಗುಲಿದರೆ ಚರ್ಮಕ್ಕೆ ಕರಗಿ ಅಂಟುವ ಗುಣ, ಇವೆಲ್ಲ ಆಮೇಲೆ ತಿಳಿದದ್ದು. ಗಿರಣಿಗಳು ಮುಚ್ಚಿದ್ದಕ್ಕೆ ಪಾಲಿಯೆಸ್ಟರ್ ಒಂದೇ ಕಾರಣವೆನ್ನುವುದು ಅನ್ಯಾಯ. ಹಳೆಯ ಯಂತ್ರ, ಆಡಳಿತದ ಸೋಲು, ಪವರ್‌ಲೂಮಿನ ಪೈಪೋಟಿ, ಕೊನೆಗೆ ಚಿನ್ನದ ಬೆಲೆಯಾದ ನಿವೇಶನ, ಎಲ್ಲ ಸೇರಿದ್ದವು. ಸರ್ಕಾರ ವಶಕ್ಕೆ ತೆಗೆದುಕೊಂಡ ಮಿನರ್ವ ಮಿಲ್ ಮಾತ್ರ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕಾನೂನು ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿ ಉಳಿಯಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಮತ್ತೆ ಸಾರಿದ ತೀರ್ಪು ಅದು. ಗಿರಣಿ ಕಾರ್ಮಿಕರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇಂದು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಬಟ್ಟೆಯಲ್ಲಿ ಹತ್ತಿಯ ಜೊತೆಗೆ ಇದೇ ನೂಲಿದೆ.

ಇನ್ನು ಸಿಹಿಯ ವಿಚಾರ.

ಇಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಬಿದ್ದರೆ ಮೊದಲ ಕೆಲವು ಗಂಟೆ ಕುಡಿದವರಂತೆ ಅಮಲು, ಬಾಯಲ್ಲಿ ಮಾತ್ರ ಮದ್ಯದ ವಾಸನೆಯಿಲ್ಲ. ಸೋಜಿಗವೆಂದರೆ ಆ ಹಂತದಲ್ಲಿ ಅದು ಅಷ್ಟೇನೂ ದೊಡ್ಡ ವಿಷವಲ್ಲ. ವಿಷವಾಗಿಸುವುದು ನಮ್ಮದೇ ಪಿತ್ತಜನಕಾಂಗ. ಮದ್ಯವನ್ನು ಅರಗಿಸಲು ಅಲ್ಲಿರುವ ಕಿಣ್ವ ಗ್ಲೈಕಾಲನ್ನೂ ಮದ್ಯವೆಂದೇ ಬಗೆದು ಒಡೆಯತೊಡಗುತ್ತದೆ. ಹಂತಹಂತವಾಗಿ ಹುಟ್ಟುವ ಆಮ್ಲಗಳು ರಕ್ತವನ್ನು ಕೆಡಿಸುತ್ತವೆ. ಉಸಿರು, ಎದೆಬಡಿತ ಏರುಪೇರಾಗುತ್ತದೆ. ಸರಪಳಿಯ ಕೊನೆಗೆ ಬರುವುದು ಆಕ್ಸಲಿಕ್ ಆಮ್ಲ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕೂರುತ್ತದೆ. ಎರಡು ಮೂರು ದಿನದಲ್ಲಿ ಮೂತ್ರ ನಿಲ್ಲುತ್ತದೆ.

ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಈ ಹರಳು ನಮ್ಮ ಅಡಿಗೆಮನೆಗೆ ಗೊತ್ತಿರುವಂಥದೇ. ಕೆಸುವಿನ ಎಲೆಗೆ ಹುಣಸೆಹುಳಿ ಸಾಲದೆ ಹೋದಾಗ, ಸುವರ್ಣಗಡ್ಡೆ ಸರಿಯಾಗಿ ಬೇಯದಿದ್ದಾಗ ಗಂಟಲು ತುರಿಸುತ್ತದಲ್ಲ, ಆ ತುರಿಕೆ ಈ ಹರಳಿನ ಸೂಜಿಗಳದ್ದು. ಮೂತ್ರಕೋಶದ ಕಲ್ಲಿನಲ್ಲಿ ಬಹುಪಾಲು ಇದೇ. ಪತ್ರೊಡೆ ತಿಂದವರಿಗೆ ಒಂದು ಗಂಟೆಯ ಕಿರಿಕಿರಿ. ಗ್ಲೈಕಾಲ್ ಕುಡಿದವರಿಗೆ ಮೂತ್ರಪಿಂಡದ ಒಳಗೇ ಅದು ಹೆಪ್ಪುಗಟ್ಟುತ್ತದೆ. ವಯಸ್ಕರಿಗೆ ನೂರು ಮಿಲಿಲೀಟರು, ಅಂದರೆ ಒಂದು ಸಣ್ಣ ಲೋಟ ಸಾಕು, ಪ್ರಾಣ ತೆಗೆಯಲು. ಮಗುವಿಗೆ ಒಂದೆರಡು ಗುಟುಕು.

ಚಿಕಿತ್ಸೆಯ ತರ್ಕ ಇನ್ನೂ ಸ್ವಾರಸ್ಯದ್ದು. ಕಿಣ್ವವೇ ಅಪರಾಧಿಯಾದರೆ ಅದನ್ನು ಬೇರೆ ಕೆಲಸಕ್ಕೆ ಹಚ್ಚಿದರಾಯಿತು. ಆ ಕಿಣ್ವಕ್ಕೆ ಗ್ಲೈಕಾಲಿಗಿಂತ ನಿಜವಾದ ಮದ್ಯದ ಮೇಲೆ ಹಲವು ಪಟ್ಟು ಹೆಚ್ಚು ಒಲವು. ಆದ್ದರಿಂದ ಆಸ್ಪತ್ರೆಯಲ್ಲಿ ರೋಗಿಗೆ ಅಳತೆಯಿಟ್ಟು ಈಥೈಲ್ ಆಲ್ಕೊಹಾಲ್ ಕೊಡುತ್ತಾರೆ. ಕಿಣ್ವ ಅದರಲ್ಲಿ ಮುಳುಗಿರುವಾಗ ಗ್ಲೈಕಾಲ್ ಹಾಗೇ ಮೂತ್ರದಲ್ಲಿ ಇಲ್ಲವೇ ಡಯಾಲಿಸಿಸ್‌ನಲ್ಲಿ ಹೊರಬೀಳುತ್ತದೆ. ಕಿಣ್ವವನ್ನೇ ನೇರವಾಗಿ ಕಟ್ಟಿಹಾಕುವ ಫೋಮೆಪಿಜೋಲ್ ಎಂಬ ಔಷಧಿಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ದುಬಾರಿ, ಎಲ್ಲ ಆಸ್ಪತ್ರೆಗಳ ಕಪಾಟಿನಲ್ಲಿ ಇರುವಂಥದಲ್ಲ. ಇದನ್ನೋದಿ ಯಾರೂ ಮನೆಯಲ್ಲೇ ಬ್ರಾಂದಿ ಕುಡಿಸಲು ಹೊರಡಬಾರದು. ಅಳತೆ ತಪ್ಪಿದರೆ ಅದೇ ಪ್ರಾಣಾಪಾಯ.

ಬೆಂಗಳೂರಿನ ವೈದ್ಯರಿಗೆ ಈ ಚಿಕಿತ್ಸೆಯ ಪರಿಚಯ ಗ್ಲೈಕಾಲಿಗಿಂತ ಅದರ ಸೋದರಬಂಧುವಿನಿಂದ ಆದದ್ದೇ ಹೆಚ್ಚು. 1981ರ ಜುಲೈಯಲ್ಲಿ ನಗರದಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದದ್ದು ಮಿಥೈಲ್ ಆಲ್ಕೊಹಾಲ್, ಕಾರ್ಖಾನೆಗಳ ದ್ರಾವಕ. 2008ರ ಮೇನಲ್ಲಿ ಆನೇಕಲ್, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯವರೆಗೆ ಮತ್ತದೇ ಕಥೆ, ನೂರೈವತ್ತಕ್ಕೂ ಹೆಚ್ಚು ಸಾವು. ಮಿಥೈಲ್ ಆಲ್ಕೊಹಾಲೂ ತಾನಾಗಿ ಅಷ್ಟು ವಿಷವಲ್ಲ. ಅದೇ ಕಿಣ್ವ ಅದನ್ನು ಫಾರ್ಮಿಕ್ ಆಮ್ಲದತ್ತ ಒಯ್ಯುತ್ತದೆ, ಕಣ್ಣು ಹೋಗುತ್ತದೆ, ಆಮೇಲೆ ಪ್ರಾಣ. ಮದ್ದೂ ಅದೇ, ಒಳ್ಳೆಯ ಆಲ್ಕೊಹಾಲ್. ಮದ್ಯದ ಕಟ್ಟಾ ವಿರೋಧಿಯಾಗಿದ್ದ ರಾಜಾಜಿಯವರಿಗೆ ಇದನ್ನು ಕೇಳಿ ಏನನಿಸುತ್ತಿತ್ತೋ. ಅವರ ಹೆಸರಿನ ರಾಜಾಜಿನಗರ, ಅದರ ಪಕ್ಕದ ಕೈಗಾರಿಕಾ ಬಡಾವಣೆಗಳು ಇಂಥ ದ್ರಾವಕಗಳ ಪೀಪಾಯಿ ಬಂದಿಳಿಯುವ ಜಾಗಗಳು. ಅವರು ಮದರಾಸು ಪ್ರಾಂತ್ಯದ ಮುಖ್ಯಸ್ಥರಾಗಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದದ್ದು 1937ರ ಅಕ್ಟೋಬರ್ 1ರಂದು.

ಅದೇ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಕ್ಕಳು ಸಾಯತೊಡಗಿದ್ದರು. ಸಲ್ಫನಿಲಮೈಡ್ ಆ ಕಾಲದ ಅದ್ಭುತ ಔಷಧ, ಆದರೆ ನೀರಿನಲ್ಲಿ ಸರಿಯಾಗಿ ಕರಗದು. ಟೆನೆಸಿಯ ಕಂಪನಿಯೊಂದರ ರಸಾಯನತಜ್ಞ ಅದನ್ನು ಡೈಇಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿ, ರಾಸ್ಪ್‌ಬೆರಿ ಹಣ್ಣಿನ ರುಚಿ ಸೇರಿಸಿ ಮಾರುಕಟ್ಟೆಗೆ ಬಿಟ್ಟ. ಈ ಡೈಇಥಿಲೀನ್ ಗ್ಲೈಕಾಲ್ ನಮ್ಮ ಗ್ಲೈಕಾಲಿನ ಎರಡು ಕಣ ಸೇರಿ ಒಂದಾದದ್ದು. ಗ್ಲೈಕಾಲ್ ತಯಾರಿಸುವಾಗ ನೂರಕ್ಕೆ ಹತ್ತರಷ್ಟು ಇದು ಬಯಸದೆಯೂ ಹುಟ್ಟುತ್ತದೆ, ಅದಕ್ಕೇ ಅಗ್ಗ. ರುಚಿ, ಬಣ್ಣ, ಪರಿಮಳ ಎಲ್ಲವನ್ನೂ ಪರೀಕ್ಷಿಸಿದ್ದ ಕಂಪನಿ ವಿಷವೋ ಅಲ್ಲವೋ ಎಂಬುದೊಂದನ್ನು ಪರೀಕ್ಷಿಸಿರಲಿಲ್ಲ. ಹಾಗೆ ಮಾಡಬೇಕೆಂದು ಕಾನೂನೂ ಹೇಳಿರಲಿಲ್ಲ. ಸತ್ತವರು 105 ಮಂದಿ, ಅವರಲ್ಲಿ 34 ಮಕ್ಕಳು. ಕಂಪನಿಯ ಮೇಲೆ ಹೊರಿಸಲು ಸಾಧ್ಯವಾದ ಆರೋಪ ಒಂದೇ: 'ಎಲಿಕ್ಸರ್' ಎಂಬ ಹೆಸರಿನ ಔಷಧಿಯಲ್ಲಿ ಆಲ್ಕೊಹಾಲ್ ಇರಬೇಕಿತ್ತು, ಇರಲಿಲ್ಲ! ಆ ರಸಾಯನತಜ್ಞ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ, 1938ರಲ್ಲಿ, ಮಾರುವ ಮೊದಲೇ ಔಷಧಿ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಬಂತು.

ನಮ್ಮಲ್ಲೂ 1940ರ ಔಷಧ ಕಾಯ್ದೆ ಇದೆ. ಆದರೂ ನಡೆದದ್ದೇನು? 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ ಕುಡಿದ ಹದಿನಾಲ್ಕು ರೋಗಿಗಳು ಸತ್ತರು. ಮಿದುಳಿನ, ಕಣ್ಣಿನ ಒತ್ತಡ ಇಳಿಸಲು ವೈದ್ಯರು ಕೊಟ್ಟದ್ದು; ಬಾಟಲಿಯಲ್ಲಿದ್ದದ್ದು ಕಾರ್ಖಾನೆ ದರ್ಜೆಯ ಸರಕು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿ ಆಸ್ಪತ್ರೆಯಿಂದ ಔಷಧ ನಿಯಂತ್ರಣ ಇಲಾಖೆಯವರೆಗೆ ಎಲ್ಲರ ಲೋಪವನ್ನೂ ಬಿಡಿಸಿಟ್ಟಿತು. 1998ರಲ್ಲಿ ಗುರ್‌ಗಾಂವ್‌ನಲ್ಲಿ ಕೆಮ್ಮಿನ ಸಿರಪ್ಪಿನಿಂದ 33 ಮಕ್ಕಳು. 2019ರ ಕೊನೆ, 2020ರ ಆರಂಭದಲ್ಲಿ ಜಮ್ಮುವಿನ ರಾಮನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು ಎಪ್ಪತ್ತು ಮಕ್ಕಳ ಸಾವಿನೊಂದಿಗೆ ಹರಿಯಾಣದಲ್ಲಿ ತಯಾರಾದ ಸಿರಪ್ಪುಗಳ ಹೆಸರು ಕೇಳಿಬಂತು. ಆ ಸಿರಪ್ಪುಗಳಲ್ಲಿ ಎರಡೂ ಗ್ಲೈಕಾಲುಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಅದೇ ವರ್ಷ ಇಂಡೊನೇಷ್ಯದಲ್ಲಿ ಸುಮಾರು ಇನ್ನೂರು ಮಕ್ಕಳು, ಅಲ್ಲಿಯದೇ ಕಂಪನಿಗಳ ಔಷಧಿಯಿಂದ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ನೂರಕ್ಕೆ 48.6 ಭಾಗ ಡೈಇಥಿಲೀನ್ ಗ್ಲೈಕಾಲ್ ಇತ್ತೆಂದು ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಕಂಡಿತು. ಇರಬಹುದಾದ ಮಿತಿ 0.1. ಎಂದರೆ ಹೆಚ್ಚುಕಡಿಮೆ ಅರ್ಧ ಬಾಟಲಿ ವಿಷ.

ಎಂಬತ್ತೆಂಟು ವರ್ಷಗಳ ಅಂತರದಲ್ಲಿ ಒಂದೇ ತಪ್ಪು ಹೀಗೆ ಮರುಕಳಿಸುವುದು ಹೇಗೆ ಎಂದು ಯೋಚಿಸಿದರೆ ಕಾಣುವುದು ಪೀಪಾಯಿ. ಪ್ಯಾರಾಸಿಟಮಾಲ್ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಮಕ್ಕಳು ಮಾತ್ರೆ ನುಂಗುವುದಿಲ್ಲ. ಹಾಗಾಗಿ ಸಿರಪ್ಪು ಮಾಡುವಾಗ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬೇಕಾಗುತ್ತದೆ. ಇವೆರಡೂ ನಿರಪಾಯ. ಗ್ಲಿಸರಿನ್ನಂತೂ ಎಣ್ಣೆ, ಕೊಬ್ಬಿನಿಂದ ಸಾಬೂನು ಮಾಡುವಾಗ ತಾನಾಗಿ ಬೇರೆಯಾಗುವ ದ್ರವ, ಅಜ್ಜಿಯರ ಕಾಲದಿಂದ ಒಡೆದ ತುಟಿಗೆ ಹಚ್ಚುತ್ತ ಬಂದದ್ದು. ತೊಂದರೆಯೇನೆಂದರೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಇಥಿಲೀನ್ ಗ್ಲೈಕಾಲ್, ಡೈಇಥಿಲೀನ್ ಗ್ಲೈಕಾಲ್ ನಾಲ್ಕನ್ನೂ ನಾಲ್ಕು ಲೋಟದಲ್ಲಿಟ್ಟರೆ ಕಣ್ಣು, ಮೂಗು, ನಾಲಿಗೆ ಮೂರೂ ಸೋಲುತ್ತವೆ. ಎಲ್ಲವೂ ಬಣ್ಣವಿಲ್ಲದ, ವಾಸನೆಯಿಲ್ಲದ, ಮಂದವಾದ, ಸಿಹಿ ದ್ರವಗಳು. ಎರಡು ಔಷಧಿಗೆ, ಎರಡು ಬಣ್ಣ, ಶಾಯಿ, ಬ್ರೇಕ್ ಆಯಿಲ್ ಕಾರ್ಖಾನೆಗಳಿಗೆ. ಒಂದೇ ವ್ಯಾಪಾರಿಯ ಗೋದಾಮಿನಲ್ಲಿ ನಾಲ್ಕೂ ಇರಬಹುದು. ಪೀಪಾಯಿಯಿಂದ ಪೀಪಾಯಿಗೆ ಸುರಿದು, ಚೀಟಿ ಬದಲಾಗಿ, ಮೂರು ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಒಳಗಿರುವುದು ಯಾವುದೆಂಬುದಕ್ಕೆ ಸಾಕ್ಷಿ ಉಳಿಯುವುದು ಕಾಗದ ಮಾತ್ರ. ಅರಿವಿಲ್ಲದೆ ಆಗುವುದೂ ಉಂಟು, ದರದ ಆಸೆಗೆ ಗೊತ್ತಿದ್ದೇ ಮಾಡುವುದೂ ಉಂಟು. 1985ರಲ್ಲಿ ಆಸ್ಟ್ರಿಯದ ಕೆಲವರು ತಮ್ಮ ಹುಳಿ ದ್ರಾಕ್ಷಾರಸ ಸಿಹಿಯೂ ಗಟ್ಟಿಯೂ ಅನಿಸಲೆಂದು ಡೈಇಥಿಲೀನ್ ಗ್ಲೈಕಾಲನ್ನೇ ಬೆರೆಸಿ ಸಿಕ್ಕಿಬಿದ್ದಿದ್ದರು. ಆ ದೇಶದ ದ್ರಾಕ್ಷಾರಸದ ರಫ್ತು ನೆಲಕಚ್ಚಿತು.

ಈ ವಿಷ ಪತ್ತೆಗೆ ಬಾಹ್ಯಾಕಾಶ ವಿಜ್ಞಾನವೇನೂ ಬೇಕಿಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ, ಒಳ್ಳೆಯ ಕಾಲೇಜುಗಳಲ್ಲೂ ಇರುವ ಉಪಕರಣ ಸಾಕು. ಅದಿಲ್ಲದ ಕಡೆ ಗಾಜಿನ ಪಟ್ಟಿಯ ಮೇಲೆ ದ್ರವ ಹರಿಸಿ ಚುಕ್ಕೆ ನೋಡುವ ಅಗ್ಗದ ವಿಧಾನವೂ ಇದೆ. ಪ್ರತಿ ಪೀಪಾಯಿಯಿಂದ ಒಂದಿಷ್ಟು ತೆಗೆದು, ಸಿರಪ್ಪಿಗೆ ಸುರಿಯುವ ಮೊದಲು ನೋಡಬೇಕು, ಅಷ್ಟೆ. ಹೊರದೇಶಕ್ಕೆ ಹೋಗುವ ಸಿರಪ್ಪನ್ನು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಕಳಿಸಬೇಕೆಂಬ ನಿಯಮ 2023ರ ಜೂನ್ 1ರಿಂದ ಜಾರಿಗೆ ಬಂತು. ಛಿಂದ್ವಾಡದ ಮಕ್ಕಳು ಕುಡಿದದ್ದು ಮಾತ್ರ ದೇಶದೊಳಗೆ ಮಾರಾಟವಾದ ಸಿರಪ್ಪು. ಈ ಲೇಖಕನಿಗೆ ಇಡೀ ಕಥೆಯಲ್ಲಿ ಅತ್ಯಂತ ಕಹಿಯೆನಿಸುವ ಸಂಗತಿ ಇದು.

ಆ ಸಿರಪ್ಪಿನ ಅಗತ್ಯವೇನಿತ್ತು ಎಂಬ ಪ್ರಶ್ನೆ ಬೇರೆ. ಅದರಲ್ಲಿದ್ದ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಬಾಟಲಿಯ ಮೇಲೆ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದರು. ಛಿಂದ್ವಾಡದ ಸಾವುಗಳ ಬಳಿಕ ಕರ್ನಾಟಕದ ಆರೋಗ್ಯ ಇಲಾಖೆಯೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಬೇಡವೆಂದು ತಿಳಿಸಿತು. ಸಣ್ಣ ಮಕ್ಕಳ ನೆಗಡಿ, ಕೆಮ್ಮು ಬಹುಮಟ್ಟಿಗೆ ತಾನಾಗಿ ವಾಸಿಯಾಗುತ್ತದೆ. ಬಸವೇಶ್ವರನಗರದ ತಾಯಿಯಾಗಲಿ ಕೆಂಗೇರಿಯ ಅಜ್ಜಿಯಾಗಲಿ, ಕೆಮ್ಮು ಕೇಳಿದ ಕೂಡಲೇ ಮೆಡಿಕಲ್ ಸ್ಟೋರಿಗೆ ಯಾರನ್ನಾದರೂ ಓಡಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಸಿರಪ್ಪು ಕುಡಿದ ಮಗು ಜ್ವರ ಇಳಿದ ಮೇಲೂ ವಾಂತಿ ಮಾಡುತ್ತ, ಮಂಕಾಗಿ, ಆರೆಂಟು ಗಂಟೆಯಾದರೂ ಮೂತ್ರ ಮಾಡದಿದ್ದರೆ ಅದು ಕಾಯಬೇಕಾದ ಹೊತ್ತಲ್ಲ. ಡೈಇಥಿಲೀನ್ ಗ್ಲೈಕಾಲಿನ ಮೊದಲ ಗುರುತು ಅದೇ.

ಗ್ಯಾರೇಜಿನ ಕಡೆಗೂ ಒಂದು ಮಾತು ಉಳಿದಿದೆ. ಹಳೆಯ ಕೂಲೆಂಟನ್ನು ಬಹಳ ಕಡೆ ಮೋರಿಗೇ ಬಿಡುತ್ತಾರೆ. ಈ ಭಾಗದ ಮೋರಿಗಳೆಲ್ಲ ಸೇರುವುದು ವೃಷಭಾವತಿಗೆ. ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ ಹಾದು ಬೈರಮಂಗಲದ ಕೆರೆಗೆ ಹೋಗುವ ಈ ನದಿ ಹೊತ್ತಿರುವ ಕೊಳೆಯ ಲೆಕ್ಕದಲ್ಲಿ ಗ್ಲೈಕಾಲ್ ಚಿಲ್ಲರೆ ಬಾಬತ್ತು. ಅದನ್ನು ಬ್ಯಾಕ್ಟೀರಿಯಾಗಳು ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತವೆ. ತಿನ್ನುವಾಗ ನೀರಿನ ಆಮ್ಲಜನಕವನ್ನು ಖರ್ಚು ಮಾಡುತ್ತವೆ, ಅದು ವೃಷಭಾವತಿಯಲ್ಲಿ ಮೊದಲೇ ಇಲ್ಲ. ಎಂಜಿನ್ನಿನೊಳಗೆ ವರ್ಷಗಟ್ಟಲೆ ತಿರುಗಿದ ಕೂಲೆಂಟಿನಲ್ಲಿ ಕರಗಿರುವ ಸೀಸ, ತಾಮ್ರವನ್ನಾದರೋ ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ.

ಇದಕ್ಕಿಂತ ಹತ್ತಿರದ ಅಪಾಯ ಮನೆಯೊಳಗಿನದು. ಅರ್ಧ ಉಳಿದ ಕೂಲೆಂಟನ್ನು ಖಾಲಿ ತಂಪುಪಾನೀಯದ ಬಾಟಲಿಗೆ ತುಂಬಿ ಸ್ಕೂಟರಿನ ಡಿಕ್ಕಿಯಲ್ಲೋ ಮೆಟ್ಟಿಲ ಕೆಳಗೋ ಇಡುವುದು ಸಾಮಾನ್ಯ ಅಭ್ಯಾಸ. ಹಸಿರು ಬಣ್ಣ, ಸಿಹಿ ರುಚಿ, ಗುರುತಿನ ಬಾಟಲಿ: ಮಗುವಿಗೆ ಅದು ಶರಬತ್ತು. ಕಾರಿನಡಿ ಸೋರಿದ್ದನ್ನು ಬೀದಿನಾಯಿ, ಬೆಕ್ಕು ನೆಕ್ಕುವುದೂ ಸಿಹಿಗೇ. ಕೆಲವು ದೇಶಗಳಲ್ಲಿ ಕೂಲೆಂಟಿಗೆ ಬಾಯಿಗಿಡಲಾರದಷ್ಟು ಕಹಿಯಾದ ವಸ್ತುವನ್ನು ಬೆರೆಸುತ್ತಾರೆ. ಯಾರಾದರೂ ಕುಡಿದದ್ದು ಖಚಿತವಾದರೆ, ಅಥವಾ ಅನುಮಾನವಾದರೂ ಸಾಕು, ವಾಂತಿ ಮಾಡಿಸಲು ಹೆಣಗುತ್ತ ಹೊತ್ತು ಕಳೆಯದೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಆ ಕ್ಯಾನನ್ನೋ ಬಾಟಲಿಯನ್ನೋ ಕೈಯಲ್ಲಿ ಹಿಡಿದಿರಬೇಕು. ಕುಡಿದ ಮೊದಲ ಗಂಟೆಗಳಲ್ಲಿ ರೋಗಿ ಬರೀ ಅಮಲಿನಲ್ಲಿದ್ದಂತೆ ಕಾಣುತ್ತಾನೆ. ಏನು ಕುಡಿದದ್ದೆಂದು ವೈದ್ಯರಿಗೆ ಬೇಗ ತಿಳಿಸಬಲ್ಲದ್ದು ಅದರ ಮೇಲಿನ ಚೀಟಿ.